ಉಪ್ಪಿನ ಕೈ

ಮಾಚೇನಹಳ್ಳಿ ದಾಟುವಷ್ಟರಲ್ಲಿ ಸಾವಿತ್ರಮ್ಮನ ಫೋನು ಮತ್ತೆ ಹೊಡೆದುಕೊಂಡಿತು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ಟಿಲ್ಲ, ಹಾಗಾಗಿ ಕಾಲೂರಲು ಜಾಗವೂ ಇಲ್ಲ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಚೀಲ. ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಫೋನು ತೆಗೆದರೆ ವಿಡಿಯೋ ಕಾಲು. ಪರದೆಯ ತುಂಬ ಬರೀ ಹಬೆ.

"ಅಕ್ಕಾ, ಕಾಣ್ತಿದೆಯಾ?" ಹಬೆಯ ಹಿಂದಿನಿಂದ ಚಿನ್ನಮ್ಮನ ದನಿ ಬಂತು.

"ಏನು ಕಾಣ್ಬೇಕೇ?"

"ಹುಳಿ ಅಕ್ಕ. ಕುದೀತಾ ಇದೆ. ಉಪ್ಪು ಎಷ್ಟು ಹಾಕ್ಲಿ ಅಂತ."

"ಫೋನಲ್ಲಿ ಉಪ್ಪು ಕಾಣುತ್ತೇನೇ ಮಾರಾಯ್ತಿ? ನಿಂಗೆ ಕಣ್ಣಿಲ್ವಾ?"

"ಕಣ್ಣು ನಂದಿದೆ ಅಕ್ಕ. ಕೈ ನಿಮ್ದಲ್ವಾ?"

ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಮುಖ ಆಚೆ ತಿರುಗಿಸಿಕೊಂಡು ನಕ್ಕಳು. ಸಾವಿತ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನಾಲ್ಕು ಹಿಡಿ ಹಾಕು, ಮೇಲೆ ಒಂದು ಚಿಟಿಕೆ" ಎಂದಳು. "ನಿಮ್ಮ ಹಿಡಿನಾ, ನನ್ನ ಹಿಡಿನಾ?" ಎಂದು ಚಿನ್ನಮ್ಮ ಕೇಳುತ್ತಿರುವಾಗಲೇ ಫೋನು ಕತ್ತರಿಸಿ ಚೀಲದೊಳಗೆ ತುರುಕಿದಳು.

ಶಿವಮೊಗ್ಗದ ಗೋಪಾಳ ಬಡಾವಣೆಯ ಕೊನೆಯ ಬಸ್‌ಸ್ಟಾಪಿನ ಹಿಂದೆ ಒಂದು ಶೀಟಿನ ಮನೆಯಲ್ಲಿ ಸಾವಿತ್ರಮ್ಮನ ಸಂಘದ ಅಡುಗೆಮನೆ ಇತ್ತು. ಹನ್ನೆರಡು ಹೆಂಗಸರು, ಎರಡು ಹಾಸ್ಟೆಲ್ಲು ಮತ್ತು ಒಂದು ಕಚೇರಿಗೆ ಮಧ್ಯಾಹ್ನದ ಊಟ. ಅಲ್ಲಿ ಯಾರು ಬೇಕಾದರೂ ತರಕಾರಿ ಹೆಚ್ಚಬಹುದು, ಯಾರು ಬೇಕಾದರೂ ಒಗ್ಗರಣೆ ಹಾಕಬಹುದು. ಉಪ್ಪು ಮಾತ್ರ ಸಾವಿತ್ರಮ್ಮನೇ ಹಾಕಬೇಕು. ಇದು ಮೊದಲಿನಿಂದ ಇದ್ದದ್ದಲ್ಲ. ಸಂಘ ಕಟ್ಟಿದ ಹೊಸದರಲ್ಲಿ ವಿನೋಬನಗರದ ಒಂದು ಗೃಹಪ್ರವೇಶಕ್ಕೆ ಅಡುಗೆ ಒಪ್ಪಿಕೊಂಡಿದ್ದರು. ಅಲ್ಲಿ ಚಿನ್ನಮ್ಮ ಒಮ್ಮೆ ಉಪ್ಪು ಹಾಕಿ ನೀರಿಗೆ ಹೋದಳು, ಅದು ಗೊತ್ತಿಲ್ಲದೆ ಇನ್ನೊಬ್ಬಳು ಮತ್ತೊಮ್ಮೆ ಹಾಕಿದಳು. ಎಲೆಯ ಮುಂದೆ ಕೂತವರು ಸಾರು ಕಲಸಿ ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದ್ದು ಸಾವಿತ್ರಮ್ಮನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಮಾಡಿದ ಅಡುಗೆಯಲ್ಲಿ ಮೊದಲ ತಟ್ಟೆ ಗೂಡಿನಲ್ಲಿದ್ದ ದೇವರ ಪಟದ ಮುಂದೆ ಹೋಗಬೇಕು, ಅಲ್ಲಿಯ ತನಕ ಯಾರೂ ನಾಲಿಗೆಗೆ ಹಚ್ಚಬಾರದು ಎಂಬುದು ಆ ಅಡುಗೆಮನೆಯ ರೂಢಿ. ರುಚಿ ನೋಡುವಂತಿಲ್ಲವೆಂದಮೇಲೆ ಉಪ್ಪಿಗೆ ಒಂದೇ ಕೈ ಇರಲಿ ಎಂದು ಅವತ್ತೇ ತೀರ್ಮಾನವಾಯಿತು. ಆ ಕೈ ಸಾವಿತ್ರಮ್ಮನದಾಯಿತು.

ಕೈ ಒಳ್ಳೆಯದೇ. ಕುದಿಯುವ ಹುಳಿಯ ವಾಸನೆಯಲ್ಲೇ ಅವಳಿಗೆ ಅಂದಾಜು ಸಿಗುತ್ತಿತ್ತು. ಆದರೆ ವರ್ಷಗಳು ಕಳೆದಂತೆ ಉಪ್ಪಿನ ಜೊತೆ ಬೇರೆಯವೂ ಬಂದು ಆ ಕೈಗೇ ಅಂಟಿಕೊಂಡವು. ಗ್ಯಾಸು ಮುಗಿದರೆ ಅಕ್ಕನನ್ನು ಕೇಳಬೇಕು, ಬದನೆಕಾಯಿ ಹುಳುಕಿದ್ದರೆ ಅಕ್ಕನನ್ನು ಕೇಳಬೇಕು, ಬಾಗಿಲಿಗೆ ನಾಯಿ ಬಂದರೆ ಹೊಡೆದು ಓಡಿಸಲೋ ಅನ್ನ ಹಾಕಲೋ ಎಂದು ಕೂಡ ಅಕ್ಕನನ್ನೇ ಕೇಳಬೇಕು. ಇವರಿಗೆಲ್ಲ ತಲೆ ಅಂತ ಒಂದನ್ನು ದೇವರು ಜಡೆ ಹಾಕಿಕೊಳ್ಳಲಿ ಅಂತಲೇ ಕೊಟ್ಟನೋ ಏನೋ ಎಂದು ಸಾವಿತ್ರಮ್ಮ ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತಿದ್ದಳು.

ಈಗ ಭದ್ರಾವತಿಯ ಒಂದು ಖಾಸಗಿ ಪಾಲಿಟೆಕ್ನಿಕ್‌ನವರು ಕ್ಯಾಂಟೀನು ನಡೆಸಲು ಸಂಘವನ್ನು ಕರೆದಿದ್ದರು. ಅದಕ್ಕೇ ಅವತ್ತಿನ ಪ್ರಯಾಣ. ಪ್ರಿನ್ಸಿಪಾಲರು ಷಡಕ್ಷರಪ್ಪ ಅಂತ, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವ ಮನುಷ್ಯ. "ನೋಡಿಯಮ್ಮ, ಊಟ ನಿಮ್ದು ಚೆನ್ನಾಗಿರುತ್ತೆ ಅಂತ ಕೇಳಿದ್ದೀನಿ. ಆದ್ರೆ ನೀವು ಶಿವಮೊಗ್ಗದಲ್ಲಿ ಕೂತು ಫೋನಲ್ಲಿ ಅಡುಗೆ ಮಾಡಿಸೋದಾದ್ರೆ ನಂಗೆ ಬೇಡ. ಇಲ್ಲೇ ಇದ್ದು ಜವಾಬ್ದಾರಿ ಹೊರೋ ಒಬ್ರು ಬೇಕು. ಏನಾದ್ರೂ ಆದ್ರೆ ನಾನು ಯಾರನ್ನ ಕೇಳ್ಬೇಕು, ಅವರ ಮುಖ ತೋರಿಸಿ. ಒಂದಿನ ಊಟ ಹಾಕಿ ನೋಡೋಣ. ಇಲ್ದಿದ್ರೆ ದಾವಣಗೆರೆ ಕಾಂಟ್ರಾಕ್ಟರು ಕಾಯ್ತಾ ಕೂತಿದಾರೆ" ಎಂದರು.

ಸಾವಿತ್ರಮ್ಮನ ಮನಸ್ಸಿನಲ್ಲಿ ಆ ಮುಖ ಮೊದಲೇ ಇತ್ತು. ಅದು ಸುಮೇರಾಳದು. ಭದ್ರಾವತಿಯವಳೇ, ಗಂಡ ಸೊಹೇಲ್ ಗೂಡ್ಸ್ ಆಟೋ ಓಡಿಸುತ್ತಾನೆ. ದಿನಾ ಬಸ್ಸಿಗೆ ಗೋಪಾಳಕ್ಕೆ ಬಂದು ಹೋಗುವುದು ತಪ್ಪುತ್ತದೆ, ಅವಳ ಜೊತೆ ಭದ್ರಾವತಿ ಕಡೆಯ ಇನ್ನೂ ನಾಲ್ಕು ಹೆಂಗಸರಿಗೆ ಕೆಲಸ ಸಿಗುತ್ತದೆ. ಕೈ ಚುರುಕು, ನಾಲಿಗೆ ಮೆತ್ತಗೆ. ಅಡುಗೆಮನೆಯ ರೂಢಿಗೂ ಎಷ್ಟು ಹೊಂದಿಕೊಂಡಿದ್ದಳೆಂದರೆ, "ರುಚಿ ನೋಡೋ ಹಾಗಿಲ್ಲ ಅನ್ನೋದು ನಂಗೆ ರಂಜಾನಲ್ಲಿ ಬಹಳ ಅನುಕೂಲ ಅಕ್ಕ" ಎಂದು ನಗಿಸುತ್ತಿದ್ದಳು. ಆದರೆ ಭದ್ರಾವತಿಯನ್ನು ನೀನು ನೋಡಿಕೋ ಎಂದಾಗೆಲ್ಲ ಒಂದೇ ಮಾತು, "ನೋಡೋಣ ಅಕ್ಕ."

"ಏನೇ ನೋಡೋದು? ಸಿನಿಮಾನಾ?" ಎಂದು ಸಾವಿತ್ರಮ್ಮ ರೇಗಿದಳು.

"ನೀವು ವಾರಕ್ಕೆ ಎಷ್ಟು ಸಲ ಬರ್ತೀರ?"

"ಒಂದು ಸಲಾನೂ ಬರಲ್ಲ. ಮಂಡಿ ನೋವು ನಿಂಗೆ ಗೊತ್ತಿಲ್ವಾ? ಬಸ್ಸು ಹತ್ತೋಕೆ ಯಾರಾದ್ರೂ ಹಿಂದಿಂದ ನೂಕಬೇಕು."

"ಹಾಗಾದ್ರೆ ಉಪ್ಪು?"

ಸಾವಿತ್ರಮ್ಮ ಹಣೆ ಚಚ್ಚಿಕೊಂಡಳು.

ಇವರಿಗೆ ಇರದಿದ್ದದ್ದು ಧೈರ್ಯ. ಅದನ್ನು ಎಲ್ಲಿಂದಾದರೂ ತರಿಸಿ ತುಂಬಬೇಕು, ಅಷ್ಟೇ. ಅವಳು ಸಂಘಗಳ ಒಕ್ಕೂಟಕ್ಕೆ ಹೋಗಿ ಕೂತು, ಕಾಡಿ ಬೇಡಿ, ನಾಯಕತ್ವದ ತರಬೇತಿ ಹಾಕಿಸಿದಳು. ಮೂರು ದಿನದ್ದು. ಮೋನಿಕಾ ಅಂತ ಒಬ್ಬ ಹುಡುಗಿ ಬಂದಳು, ಕತ್ತರಿಸಿದ ಕೂದಲು, ಹೆಗಲಿಗೆ ಬ್ಯಾಗು, ಕೈಯಲ್ಲಿ ಬಣ್ಣಬಣ್ಣದ ಸ್ಕೆಚ್ ಪೆನ್ನು. ಅಡುಗೆ ಕೆಲಸ ಮುಗಿದ ಮೇಲೆ ಮಧ್ಯಾಹ್ನ ಎಲ್ಲರೂ ಅಲ್ಲೇ ಚಾಪೆ ಹಾಸಿ ಕೂತರು. ಮೊದಲ ದಿನ ಕಣ್ಣು ಮುಚ್ಚಿಕೊಂಡು "ನನ್ನಿಂದ ಆಗುತ್ತೆ, ನನ್ನಿಂದ ಆಗುತ್ತೆ" ಎಂದು ಹೇಳಿಸಿದಳು. ಊಟ ಮಾಡಿದ ಹೊತ್ತು. ನಾಲ್ಕು ಸಲ ಹೇಳುವುದರೊಳಗೆ ಇಬ್ಬರು ಗೊರಕೆ ಹೊಡೆದರು. ಚಿನ್ನಮ್ಮ ಒಂದು ಕಣ್ಣು ತೆರೆದು, "ಮೇಡಂ, ಇವರಿಂದ ಆಗೋಯ್ತು" ಎಂದಳು.

ಸಾವಿತ್ರಮ್ಮ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಹಲ್ಲು ಕಡಿಯುತ್ತಿದ್ದಳು. ಎರಡನೇ ದಿನ ಮೋನಿಕಾ ಕಣ್ಣು ಮುಚ್ಚಿಸಲಿಲ್ಲ. "ಮಾನಸಿಕ ಸಬಲೀಕರಣ ಅಂತ ಪುಸ್ತಕದಲ್ಲಿ ದೊಡ್ಡ ಹೆಸರು ಇಟ್ಟಿದಾರೆ. ನಾನು ಸುಲಭವಾಗಿ ಹೇಳ್ತೀನಿ. ಮಾಡೋ ಕೆಲಸ ನನಗೆ ಮುಖ್ಯ ಅನ್ನಿಸಬೇಕು. ಅದು ನನಗೆ ಬರುತ್ತೆ ಅನ್ನೋ ನಂಬಿಕೆ ಬೇಕು. ಹೇಗೆ ಮಾಡಬೇಕು ಅಂತ ನಾನೇ ತೀರ್ಮಾನ ಮಾಡಬೇಕು. ನನ್ನ ತೀರ್ಮಾನದಿಂದ ಏನೋ ಒಂದು ವ್ಯತ್ಯಾಸ ಆಗಬೇಕು. ಇದರಲ್ಲಿ ಒಂದು ಇಲ್ಲದಿದ್ರೂ ಮನಸ್ಸು ಹಿಂದೆ ಸರಿಯುತ್ತೆ" ಎಂದಳು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು: "ಈ ಅಡುಗೆಮನೆಯಲ್ಲಿ ಯಾರನ್ನೂ ಕೇಳದೆ ನೀವೇ ತೀರ್ಮಾನ ಮಾಡೋದು ಏನು?"

ಹೆಂಗಸರು ಮುಖ ಮುಖ ನೋಡಿಕೊಂಡರು. ಸುಮೇರಾ ತುಂಬ ಯೋಚನೆ ಮಾಡಿ, "ಕೊತ್ತಂಬರಿ ಸೊಪ್ಪು ಮೇಡಂ" ಎಂದಳು.

"ಅಂದ್ರೆ?"

"ಎಷ್ಟು ಉದುರಿಸಬೇಕು ಅಂತ ನಾನೇ ತೀರ್ಮಾನ ಮಾಡ್ತೀನಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಸುಮೇರಾಳೂ ನಕ್ಕಳು. ಮೋನಿಕಾ ಮಾತ್ರ ನಗದೆ ಬಾಗಿಲ ಕಡೆ ಒಂದು ಸಲ ನೋಡಿದಳು. ಆ ನೋಟ ಸಾವಿತ್ರಮ್ಮನಿಗೆ ಹಿಡಿಸಲಿಲ್ಲ. ಸಂಜೆ ಮೋನಿಕಾ ಹೊರಟಾಗ ಜೊತೆಗೇ ಬಸ್‌ಸ್ಟಾಪಿಗೆ ನಡೆದು, "ಮೇಡಂ, ನೀವು ನಗಿಸ್ತಾ ಕೂತ್ರೆ ಆಗಲ್ಲ. ಆ ಹುಡುಗಿಗೆ ಧೈರ್ಯ ತುಂಬಿ. ನಾಡಿದ್ದೇ ಭದ್ರಾವತಿ ಊಟ" ಎಂದಳು.

"ಧೈರ್ಯ ಅಕ್ಕಿ ಅಲ್ಲ ಅಮ್ಮ, ತುಂಬೋಕೆ. ಅವರಿಗೆ ಧೈರ್ಯ ಇಲ್ಲ ಅಂತ ನಂಗೆ ಅನ್ನಿಸ್ತಿಲ್ಲ. ಜಾಗ ಇಲ್ಲ."

"ಜಾಗ ಇಲ್ವಾ? ಇಡೀ ಭದ್ರಾವತಿನೇ ಬರೆದು ಕೊಡ್ತಿದೀನಲ್ಲ!"

"ಕೊಡ್ತಿದೀರ" ಎಂದಳು ಮೋನಿಕಾ. ಮುಂದೆ ಏನೋ ಹೇಳುವವಳಿದ್ದಳು. ಬಸ್ಸು ಬಂತು, ಹತ್ತಿಕೊಂಡಳು.

ಹೊಸಮನೆ ಬಡಾವಣೆಯ ತನ್ನ ಮನೆಗೆ ಬಂದು ಸಾವಿತ್ರಮ್ಮ ಗಂಡನ ಮುಂದೆ ಎಲ್ಲವನ್ನೂ ಕಕ್ಕಿದಳು. ಪುಟ್ಟಯ್ಯ ನಿದಿಗೆ ಊರಿನ ಹತ್ತಿರದ ಗದ್ದೆಯಿಂದ ಆಗಷ್ಟೇ ಬಂದು ಮೊಪೆಡ್ ನಿಲ್ಲಿಸಿ, ಜಗಲಿಯ ಮೇಲೆ ಕೂತು ಕಾಲಿನ ಕೆಸರು ಕೆರೆಯುತ್ತಿದ್ದ. ಎಲ್ಲ ಕೇಳಿಸಿಕೊಂಡು, "ನಮ್ಮಪ್ಪ ಹೊಸ ಹೋರಿ ಪಳಗಿಸೋದು ನೀನು ನೋಡಿಲ್ಲ, ಅಲ್ವಾ?" ಎಂದ.

"ಈಗ ಹೋರಿ ಎಲ್ಲಿಂದ ಬಂತು?"

"ಮೊದಮೊದಲು ಮೂಗುದಾರ ಹಿಡ್ಕೊಂಡು ಮುಂದೆ ಮುಂದೆ ಹೋಗೋರು. ಒಂದಿನ ಇದ್ದಕ್ಕಿದ್ದಂಗೆ ಬಿಟ್ಟುಬಿಡೋರು. ಬದುವಿನ ಮೇಲೆ ಬಂದು ಕೂತು ಬೀಡಿ ಹಚ್ಚೋರು. ಸಾಲು ಸೊಟ್ಟ ಹೋಗೋದು. ನಾವು ಕೂಗಿಕೊಂಡ್ರೂ ಅವರು ಏಳ್ತಿರಲಿಲ್ಲ. ಅವತ್ತಿನ ಸೊಟ್ಟ ಅವತ್ತಿಗೆ."

"ಹೆಂಗಸರನ್ನ ಹೋರಿಗೆ ಹೋಲಿಸ್ತಿದೀರಲ್ಲ, ನಾಚಿಕೆ ಆಗಲ್ವಾ?"

"ನಾನು ಹೋರಿ ಮಾತು ಎಲ್ಲಿ ಆಡ್ದೆ ಮಾರಾಯ್ತಿ, ಬೀಡಿ ಮಾತು ಆಡ್ದೆ."

"ಬೀಡಿ ಸೇದ್ತಾ ಕೂತ್ರೆ ಇನ್ನೂರು ಜನಕ್ಕೆ ಊಟ ಯಾರು ನಿಮ್ಮಪ್ಪ ಹಾಕ್ತಾರಾ?" ಎಂದು ಸಾವಿತ್ರಮ್ಮ ಒಳಗೆ ಹೋದಳು. ಆದರೂ ಮರುದಿನ, ತರಬೇತಿಯ ಕೊನೆಯಲ್ಲಿ, ಎಲ್ಲರ ಎದುರಿಗೆ ಸುಮೇರಾಳಿಗೆ ಮಾತು ಕೊಟ್ಟಳು: "ನಾಳೆ ಭದ್ರಾವತಿಯಲ್ಲಿ ಉಪ್ಪು ನಿಂದು. ನಾನು ಬರ್ತೀನಿ, ಪ್ರಿನ್ಸಿಪಾಲರನ್ನ ಮಾತಾಡಿಸಬೇಕಲ್ಲ. ಆದ್ರೆ ಪಾತ್ರೆ ಹತ್ತಿರ ಬರಲ್ಲ. ಸರಿನಾ?"

"ಆಣೆ?" ಎಂದಳು ಸುಮೇರಾ.

"ಆಣೆ ಗೀಣೆ ಏನಕ್ಕೆ, ಹೇಳ್ದೆನಲ್ಲ."

ಸುಮೇರಾಳ ಮುಖದಲ್ಲಿ ಆಗ ಬಂದ ಕಳೆಯನ್ನು ಸಾವಿತ್ರಮ್ಮ ಹಿಂದೆ ಕಂಡಿರಲಿಲ್ಲ. ಈ ಹುಡುಗಿಗೆ ಇದು ಇಷ್ಟು ಬೇಕಾಗಿತ್ತೇ ಎಂದು ಆಶ್ಚರ್ಯವಾಯಿತು. ಬೇಕಾಗಿದ್ದರೆ ಬಾಯಿ ಬಿಟ್ಟು ಹೇಳಲಿಕ್ಕೇನು ರೋಗ ಎಂದು ಅದಕ್ಕೂ ಸಿಟ್ಟು ಬಂತು.

ಪಾಲಿಟೆಕ್ನಿಕ್‌ನ ಅಡುಗೆಮನೆ ಕಾಂಪೌಂಡಿನ ಹಿಂಬದಿಗೆ ಇತ್ತು. ಎರಡು ಒಲೆ, ಉದ್ದನೆಯ ಕಡಪ ಕಲ್ಲು, ಹೊರಗೆ ನಲ್ಲಿ, ನಲ್ಲಿಯಾಚೆ ಹೊಂಗೆ ಮರದ ಕೆಳಗೆ ಸಿಮೆಂಟಿನ ಕಟ್ಟೆ. ಸಾವಿತ್ರಮ್ಮ ಬಸ್ಸಿಳಿದು ಬರುವ ಹೊತ್ತಿಗೆ ಅನ್ನಕ್ಕೆ ನೀರು ಕುದಿಯುತ್ತಿತ್ತು, ಹುಳಿಯ ಪಾತ್ರೆಯಲ್ಲಿ ಬೂದುಗುಂಬಳ ಮೆತ್ತಗಾಗಿತ್ತು. ಚಿನ್ನಮ್ಮ ಮತ್ತು ಇನ್ನಿಬ್ಬರು ಹೊರಗೆ ತಟ್ಟೆ ತೊಳೆಯುತ್ತಿದ್ದರು. ಸುಮೇರಾ ಇರಲಿಲ್ಲ.

"ಗೇಟಿಗೆ ಹೋದಳು ಅಕ್ಕ, ಸೊಹೇಲು ಇನ್ನೊಂದು ಸಿಲಿಂಡರ್ ತಂದಿದಾನೆ" ಎಂದಳು ಚಿನ್ನಮ್ಮ.

ಸಾವಿತ್ರಮ್ಮ ಬಾಗಿಲಲ್ಲೇ ನಿಂತಳು. ಹತ್ತಿರ ಹೋಗುವುದಿಲ್ಲ ಎಂದು ಹೇಳಿಯಾಗಿದೆ. ಬಾಗಿಲಿನಿಂದ ನೋಡುವುದಕ್ಕೆ ಯಾರ ಅಪ್ಪಣೆ? ಅವಳ ಕಣ್ಣು ಕಡಪ ಕಲ್ಲಿನ ಮೇಲೆ ಹೋಯಿತು. ಹಿಂದಿನ ದಿನ ತಾನೇ ಕಳಿಸಿದ್ದ ಉಪ್ಪಿನ ಪ್ಯಾಕೆಟ್ಟುಗಳು ಒಂದರ ಮೇಲೊಂದು ಹಾಗೇ ಕೂತಿದ್ದವು. ಒಂದರದ್ದೂ ಬಾಯಿ ಕತ್ತರಿಸಿರಲಿಲ್ಲ.

ಹುಳಿ ಇಳಿಸುವ ಹದಕ್ಕೆ ಬಂದಿದೆ. ಉಪ್ಪು ಹಾಕಿಲ್ಲ.

ಅಂದರೆ ಸುಮೇರಾಳಿಗೆ ಮತ್ತೆ ಧೈರ್ಯ ಸಾಲಲಿಲ್ಲ. ಮೂರು ದಿನ ಕಣ್ಣು ಮುಚ್ಚಿಸಿ ತೆರೆಸಿದ್ದು ನೀರಿಗೆ ಹೋಯಿತು. ಗೇಟಿನ ನೆಪ ಮಾಡಿಕೊಂಡು ಅಕ್ಕ ಬರಲಿ ಎಂದು ಕಾಯುತ್ತಿದ್ದಾಳೆ. ಈಗ ಅವಳು ಬಂದು ಎಲ್ಲರೆದುರು "ಅಕ್ಕ, ಉಪ್ಪು?" ಎನ್ನುವುದು, ಅದು ಆ ಕನ್ನಡಕದ ಪ್ರಿನ್ಸಿಪಾಲರ ಕಿವಿಗೆ ಬೀಳುವುದು, ದಾವಣಗೆರೆಯವನು ನಾಳೆಯೇ ಬಂದು ಒಲೆ ಹಚ್ಚುವುದು. ಯಾರಿಗೂ ಗೊತ್ತಾಗದ ಹಾಗೆ ಒಂದು ಸಲ ತಾನೇ ಹಾಕಿಬಿಟ್ಟರೆ? ಹುಡುಗಿಯ ಮಾನ ಉಳಿಯುತ್ತದೆ. ಊಟ ಚೆನ್ನಾಗಿತ್ತು ಅಂದರೆ ಹೆಸರೂ ಅವಳದೇ ಆಗುತ್ತದೆ. ತಾನೇನು ಹೇಳಿಕೊಂಡು ತಿರುಗುವುದಿಲ್ಲವಲ್ಲ.

ಮಂಡಿಯ ನೋವು ಆಗ ನೆನಪಾಗಲಿಲ್ಲ. ಒಳಗೆ ಹೋಗಿ ಒಂದು ಪ್ಯಾಕೆಟ್ಟಿನ ಬಾಯಿ ಹಲ್ಲಿನಲ್ಲೇ ಹರಿದು, ಹಿಡಿ ಹಿಡಿಯಾಗಿ ಹಾಕಿ, ಮೇಲೊಂದು ಚಿಟಿಕೆ ಹಾಕಿ, ಸೌಟಿನಿಂದ ತಿರುವಿ, ಪ್ಯಾಕೆಟ್ಟನ್ನು ಚೀಲದೊಳಗೆ ಸೇರಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಸುಮೇರಾ ಸಿಲಿಂಡರ್ ಹೊತ್ತ ಸೊಹೇಲನ ಹಿಂದೆ ಬಂದು, ಅವಳನ್ನು ನೋಡಿ, "ಬಂದ್ರಾ ಅಕ್ಕ? ಒಳಗೆ ಬರಬೇಡಿ, ಅಲ್ಲೇ ಕೂತಿರಿ" ಎಂದು ನಕ್ಕಳು. ಆ ನಗೆಯಲ್ಲಿ ಹೆದರಿಕೆ ಏನೂ ಕಾಣಲಿಲ್ಲ. ಸಾವಿತ್ರಮ್ಮನಿಗೆ ಆಗಲೇ ಎಲ್ಲೋ ಚುರ್ ಎಂದಿತು.

ದೇವರ ಪಟಕ್ಕೆ ತಟ್ಟೆ ತೋರಿಸಿಯಾಯಿತು. ಅದಾದ ಮೇಲಿನ ತಟ್ಟೆ ಬಾಗಿಲು ಕಾಯುವವರಿಗೆ ಎಂಬುದು ಗೋಪಾಳದಲ್ಲಿ ನಡೆದು ಬಂದದ್ದು. ಇಲ್ಲಿ ವಾಚ್‌ಮನ್ ವಸಂತನಿಗೆ ಹೋಯಿತು. ಅವನು ಕಟ್ಟೆಯ ಇನ್ನೊಂದು ತುದಿಗೆ ಕೂತು, ಅನ್ನ ಹುಳಿ ಕಲಸಿ, ದೊಡ್ಡ ತುತ್ತು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ. ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣರಳಿಸಿ ಸಾವಿತ್ರಮ್ಮನನ್ನು ನೋಡಿ, ನಲ್ಲಿಗೆ ಓಡಿದ.

"ಅಮ್ಮಾ, ನಾನು ನಿಮಗೆ ಏನು ಮಾಡಿದೀನಿ?" ಎಂದ, ಬಾಯಿ ತೊಳೆದುಕೊಂಡು. "ಇದು ಹುಳಿನಾ? ಮಂಗಳೂರಿಂದ ಸಮುದ್ರ ತರಿಸಿದ್ರಾ?"

ಸುಮೇರಾ ಓಡಿ ಬಂದು ಅವನ ತಟ್ಟೆಯಿಂದ ಒಂದು ಬೆರಳು ಹುಳಿ ನೆಕ್ಕಿದಳು. ಮುಖ ಬಿಳಿಚಿಕೊಂಡಿತು. "ಯಾ ಅಲ್ಲಾ! ಹೇಗಾಗುತ್ತೆ? ನಿನ್ನೆ ಸಂಜೆನೇ ಕಲ್ಲುಪ್ಪು ನೀರಲ್ಲಿ ನೆನೆಹಾಕಿ, ಮಣ್ಣು ಕೆಳಗೆ ಕೂತ ಮೇಲೆ, ತಿಳಿ ಅಳೆದು ಹಾಕಿದೀನಿ. ನಮ್ಮಮ್ಮಿ ಯಾವಾಗ್ಲೂ ಹಾಗೇ ಹಾಕೋದು. ಹೆಚ್ಚಾಗೋಕೆ ಸಾಧ್ಯನೇ ಇಲ್ಲ."

ತೆರೆದ ಬಾಗಿಲಾಚೆ, ಒಳಗಿನ ಮೂಲೆಯಲ್ಲಿ ಉಪ್ಪು ನೆನೆಸಿದ ಪಾತ್ರೆ ಇತ್ತು. ಸಾವಿತ್ರಮ್ಮ ಅದನ್ನು ಈಗ ನೋಡಿದಳು.

ಹೆಂಗಸರೆಲ್ಲ ತಟ್ಟೆ ಬಿಟ್ಟು ಎದ್ದು ನಿಂತಿದ್ದರು. ಸುಮೇರಾಳ ಕಣ್ಣು ಕಡಪ ಕಲ್ಲಿನ ಮೇಲಿನ ಪ್ಯಾಕೆಟ್ಟುಗಳನ್ನು ನೋಡಿತು, ಒಂದು ಕಡಿಮೆ ಇದ್ದದ್ದನ್ನು ನೋಡಿತು, ಆಮೇಲೆ ಸಾವಿತ್ರಮ್ಮನ ಚೀಲದ ಮೇಲೆ ಬಂದು ನಿಂತಿತು.

"ಅಕ್ಕ, ನೀವು ಹಾಕಿದ್ರಾ?"

"ನಾನು ... ಪ್ಯಾಕೆಟ್ಟು ಒಡೆದಿರಲಿಲ್ವಲ್ಲೇ. ನೀನು ಮರೆತಿದೀಯ ಅಂತ ..."

"ಕೇಳಬಹುದಿತ್ತಲ್ಲ?"

ಎಲ್ಲದಕ್ಕೂ ತನ್ನನ್ನು ಕೇಳುತ್ತಾರೆ ಎಂದು ಅಷ್ಟು ವರ್ಷ ಬೈದುಕೊಂಡ ಸಾವಿತ್ರಮ್ಮನಿಗೆ, ತಾನು ಇನ್ನೊಬ್ಬರನ್ನು ಕೇಳುವುದೂ ಒಂದು ದಾರಿ ಎಂಬುದು ಹೊಳೆದೇ ಇರಲಿಲ್ಲ.

"ನನ್ನಿಂದ ಆಗುತ್ತೆ, ನನ್ನಿಂದ ಆಗುತ್ತೆ ಅಂತ ಹೇಳಿಸಿದ್ರಲ್ಲ ಅಕ್ಕ" ಎಂದಳು ಸುಮೇರಾ. ಮೆತ್ತನೆಯ ನಾಲಿಗೆ ಈಗ ಮೆತ್ತಗಿರಲಿಲ್ಲ. "ಆಗಿತ್ತು. ನಾನು ಹಾಕಿದ್ದು ಸರಿಯಾಗಿತ್ತೋ ಇಲ್ವೋ ಅಂತ ಇನ್ನು ನಂಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಅದನ್ನ ನೋಡೋಕೂ ನೀವು ಬಿಡಲಿಲ್ಲ. ತಗೊಳ್ಳಿ." ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆ ಬಿಚ್ಚಿ ಕಲ್ಲಿನ ಮೇಲೆ ಹಾಕಿ, ನಲ್ಲಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತುಬಿಟ್ಟಳು.

ಊಟದ ಬೆಲ್ಲಿಗೆ ಹೆಚ್ಚು ಹೊತ್ತಿರಲಿಲ್ಲ. "ಅಕ್ಕ, ಏನು ಮಾಡೋಣ? ಆಲೂಗಡ್ಡೆ ಹಾಕೋಣ್ವಾ?" ಎಂದಳು ಒಬ್ಬಳು. "ನೀರು ಸುರಿಯೋಣ್ವಾ ಅಕ್ಕ?" ಎಂದಳು ಇನ್ನೊಬ್ಬಳು. "ಅಕ್ಕ, ಹೇಳಿ, ಅಕ್ಕ" ಎಂದು ಚಿನ್ನಮ್ಮ ಕೈ ಹಿಡಿದು ಎಬ್ಬಿಸಲು ಬಂದಳು.

ಸಾವಿತ್ರಮ್ಮನಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಅವಳ ಕೈ ಆಗಲೇ ಸೆರಗು ಸಿಕ್ಕಿಸುತ್ತಿತ್ತು. ಎದ್ದರೆ ಇಡೀ ಅಡುಗೆಮನೆ ಒಂದೇ ಉಸಿರಿಗೆ ಅವಳ ಹಿಂದೆ ಬರುತ್ತಿತ್ತು, ಹೇಗೋ ಊಟ ಆಗುತ್ತಿತ್ತು. ನಲ್ಲಿಯ ಹತ್ತಿರ ನಿಂತವಳು ಮಾತ್ರ ನಾಳೆ ಮತ್ತೆ ಗೋಪಾಳದ ಬಸ್ಸು ಹತ್ತಿ ಬಂದು ಕೊತ್ತಂಬರಿ ಉದುರಿಸುತ್ತಿದ್ದಳು.

"ನನ್ನ ಕೇಳಬೇಡಿ!" ಎಂದು ಸಾವಿತ್ರಮ್ಮ ಕಿರುಚಿದಳು. ಎಷ್ಟು ಜೋರಾಗಿತ್ತೆಂದರೆ ವಸಂತ ತಟ್ಟೆ ಕೆಳಗಿಟ್ಟ. "ಎಲ್ಲದಕ್ಕೂ ಅಕ್ಕ ಅಕ್ಕ ಅಕ್ಕ! ಕೆಡಿಸಿದೋಳನ್ನೇ ಕೇಳ್ತೀರಲ್ರೇ, ಬುದ್ಧಿ ಇದೆಯೇನ್ರೇ ನಿಮಗೆ? ಅಲ್ಲಿ ನಿಂತಿದಾಳಲ್ಲ, ಅವಳನ್ನ ಕೇಳಿ. ಇವತ್ತಿನ ಊಟ ಅವಳದು." ಮತ್ತೆ ಕಟ್ಟೆಯ ಮೇಲೆ ಕೂತು, ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡಳು. "ಸುಮೇರಾ, ತಪ್ಪು ನಂದು" ಎಂದಳು, ಸ್ವಲ್ಪ ಸಣ್ಣ ದನಿಯಲ್ಲಿ. "ಆದ್ರೆ ಬಿಟ್ಟು ಹೋಗೋದಾದ್ರೆ ಆ ಇನ್ನೂರು ಮಕ್ಕಳಿಗೆ ನೀನೇ ಹೇಳಿ ಹೋಗು. ನಾನು ಹೇಳಲ್ಲ."

ಸುಮೇರಾ ತಿರುಗಲಿಲ್ಲ. ಚಿನ್ನಮ್ಮ ಮೆಲ್ಲಗೆ ಅವಳ ಹತ್ತಿರ ಹೋಗಿ, ಸಾವಿತ್ರಮ್ಮನ ಕಡೆಯೂ ಒಂದು ಕಣ್ಣಿಟ್ಟು, "ಏನ್ ಮಾಡೋಣವ್ವಾ?" ಎಂದಳು.

ಸುಮೇರಾ ಮುಖಕ್ಕೆ ನೀರು ಹಾಕಿಕೊಂಡಳು. ದುಪಟ್ಟಾದಲ್ಲಿ ಒರೆಸಿಕೊಂಡಳು. ಆಮೇಲೆ ಫೋನು ತೆಗೆದು ಗಂಡನಿಗೆ ಮಾಡಿದಳು. "ಎಲ್ಲಿದೀರಿ? ವಾಪಸ್ ಬನ್ನಿ. ಬರ್ತಾ ಆ ಮೂಲೆ ಅಂಗಡಿಯಿಂದ ಮಸೂರ್ ಬೇಳೆ ತನ್ನಿ, ಇರೋದೆಲ್ಲ ತನ್ನಿ. ಟೊಮೇಟೊನೂ." ಫೋನಿಟ್ಟು ಹೆಂಗಸರ ಕಡೆ ತಿರುಗಿದಳು. "ಹುಳಿ ಅರ್ಧ ಬಗ್ಗಿಸಿ ಆ ಪಾತ್ರೆಗೆ. ಅದು ಇವತ್ತಿಗೆ ಬೇಡ. ಉಳಿದ ಅರ್ಧಕ್ಕೆ ಮಸೂರು ಕೂಡಿಸೋಣ, ಬೇಗ ಬೇಯುತ್ತೆ. ಚಿನ್ನಮ್ಮಕ್ಕ, ಇನ್ನೊಂದು ಒಲೆ ಹಚ್ಚಿ."

ಮಸೂರ್ ಬೇಳೆ! ಸಾವಿತ್ರಮ್ಮನ ಅಡುಗೆಮನೆಯಲ್ಲಿ ಹುಳಿಗೆ ಮಸೂರ್ ಬೇಳೆ ಬಿದ್ದ ದಿನವೇ ಇರಲಿಲ್ಲ. ತೊಡೆಯ ಕೆಳಗಿನ ಕೈ ಮರಗಟ್ಟುತ್ತಿತ್ತು.

ಅದಕ್ಕಿಂತ ದೊಡ್ಡದು ಮುಂದಿತ್ತು. ಸುಮೇರಾ ಅಡುಗೆಬಟ್ಟೆ ಮತ್ತೆ ಕಟ್ಟಿಕೊಂಡು, ನೆಟ್ಟಗೆ ಪ್ರಿನ್ಸಿಪಾಲರ ಕೋಣೆಯ ಕಡೆ ಹೊರಟಳು. "ಎಲ್ಲಿಗೇ?" ಎಂದಳು ಸಾವಿತ್ರಮ್ಮ, ತಡೆಯಲಾರದೆ.

"ಊಟ ಅರ್ಧ ಗಂಟೆ ತಡ ಅಂತ ಹೇಳೋಕೆ."

ತಡ! ಸಂಘ ಕಟ್ಟಿದ ಮೇಲೆ ಊಟ ಒಂದು ದಿನ ತಡವಾಗಿರಲಿಲ್ಲ. ಬಂದ್ ದಿನ, ಕರೆಂಟಿಲ್ಲದ ದಿನ, ತುಂಗೆ ಉಕ್ಕಿ ರಸ್ತೆ ಮುಚ್ಚಿದ ದಿನ ಕೂಡ. ಸಾವಿತ್ರಮ್ಮ ಎಲ್ಲಿ ಹೋದರೂ ಹೇಳಿಕೊಳ್ಳುತ್ತಿದ್ದ ಮಾತು ಅದೊಂದೇ. ಅದನ್ನು ಈ ಹುಡುಗಿ ಮೊದಲ ದಿನವೇ, ಕೇಳದೆ, ಅಂಗಳ ದಾಟಿಕೊಂಡು ಹೋಗಿ ಒಪ್ಪಿಸಿ ಬರುತ್ತಿದ್ದಾಳೆ. ಸಾವಿತ್ರಮ್ಮ ಹೊಂಗೆ ಮರವನ್ನು ನೋಡಿದಳು. ಈ ಹೊತ್ತಿನಲ್ಲಿ ಒಂದು ಬೀಡಿ ಇದ್ದಿದ್ದರೆ ತಾನೂ ಹಚ್ಚುತ್ತಿದ್ದೆ ಎನ್ನಿಸಿತು.

ಷಡಕ್ಷರಪ್ಪನವರು ಸುಮೇರಾಳ ಹಿಂದೆಯೇ ಬಂದರು. ಕನ್ನಡಕ ತೆಗೆದು ಒರೆಸುತ್ತ ನೇರವಾಗಿ ಕಟ್ಟೆಯ ಹತ್ತಿರ ಬಂದು, "ಏನಮ್ಮ ಇದು, ಟ್ರಯಲ್ ದಿನಾನೇ ತಡ ಅಂತೀರಿ? ಏನಾಯ್ತು?" ಎಂದು ಸಾವಿತ್ರಮ್ಮನನ್ನು ಕೇಳಿದರು.

"ಅವಳನ್ನ ಕೇಳಿ ಸಾರ್."

"ನೀವು ಹಿರಿಯರು, ನೀವು ಹೇಳಿ."

"ಅವಳನ್ನ ಕೇಳಿ ಸಾರ್. ಮುಖ ತೋರಿಸಿ ಅಂದ್ರಲ್ಲ, ಅದೇ ಮುಖ."

ಸುಮೇರಾ ಮುಂದೆ ಬಂದಳು. "ಉಪ್ಪು ಎರಡು ಸಲ ಬಿತ್ತು ಸರ್. ಅಡುಗೆ ನಂದು, ಜವಾಬ್ದಾರಿ ನಂದು. ಬೆಲ್ಲಿಗೆ ಸರಿಯಾಗಿ ಬಡಿಸಬಹುದಿತ್ತು, ಮಕ್ಕಳು ಬಿಸಾಡೋರು. ಅದಕ್ಕಿಂತ ತಡ ಆಗ್ಲಿ ಅಂತ ನಾನೇ ತೀರ್ಮಾನ ಮಾಡ್ದೆ. ಊಟದ ಮೇಲಿನ ಒಂದು ಕ್ಲಾಸು ಊಟಕ್ಕೆ ಮೊದಲೇ ತಗೊಳ್ಳೋಕೆ ಆಗುತ್ತಾ ಸರ್?"

ಎರಡನೇ ಸಲ ಹಾಕಿದ್ದು ಯಾರು ಎಂದು ಅವಳು ಹೇಳಲಿಲ್ಲ. ಸಾವಿತ್ರಮ್ಮ ಕೆಳಗೆ ನೋಡಿದಳು.

ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು ಪಾತ್ರೆ ನೋಡಿದರು, ಹೆಂಗಸರನ್ನು ನೋಡಿದರು, ವಸಂತನನ್ನು ನೋಡಿದರು. "ನಿಜಾನಾ?" ಎಂದರು ಅವನಿಗೆ. "ನಿಜ ಸಾರ್, ಇನ್ನೂ ನಾಲಿಗೆ ದಪ್ಪ ಇದೆ" ಎಂದ ಅವನು. "ಸರಿ, ಬೆಲ್ಲು ಆಮೇಲೆ ಹೊಡಿ" ಎಂದು ಹೇಳಿ ಹೋದರು.

ಊಟ ತಡವಾಗಿಯೇ ಆಯಿತು. ಹುಳಿ ನೀರಾಗಿತ್ತು, ಹಿಂದಿನ ಸಾಲಿನ ಹುಡುಗರು "ಇದು ಹುಳಿನಾ, ಭದ್ರಾ ನದಿನಾ" ಎಂದು ಕೂಗಿಕೊಂಡರು. ಆದರೂ ಎರಡನೇ ಸಲ ಬಡಿಸಿಕೊಂಡರು. ಪಾತ್ರೆಯ ತಳ ಕಂಡಿತು. ಷಡಕ್ಷರಪ್ಪನವರು ಕೈ ತೊಳೆದುಕೊಂಡು ಬಂದು, "ತಿಂಗಳಿಗೊಂದು ಸಲಕ್ಕಿಂತ ಹೆಚ್ಚು ಹೀಗಾದ್ರೆ ನಾನು ಒಪ್ಪಲ್ಲ" ಎಂದು ಸುಮೇರಾಳಿಗೆ ಹೇಳಿ, "ಸೋಮವಾರದಿಂದ ಬನ್ನಿ" ಎಂದರು. ಸಾವಿತ್ರಮ್ಮನ ಕಡೆ ತಿರುಗಲೇ ಇಲ್ಲ. ಅದು ಅವಳಿಗೆ ಸಮಾಧಾನವಾಗಬೇಕಿತ್ತು. ಒಂದು ಚೂರು ಉರಿಯೂ ಆಯಿತು.

ಕೊನೆಗೆ ಹೆಂಗಸರೆಲ್ಲ ಊಟಕ್ಕೆ ಕೂತರು. ಸುಮೇರಾ ತಾನೇ ತಟ್ಟೆ ತಂದು ಸಾವಿತ್ರಮ್ಮನ ಮುಂದೆ ಇಟ್ಟಳು. ಸಾವಿತ್ರಮ್ಮ ಕಲಸಿ ಬಾಯಿಗಿಟ್ಟಳು. ತನ್ನ ಹುಳಿಯಲ್ಲ ಇದು. ಬೇರೆ ಯಾರದೋ ಮನೆಯದು. ಕೆಟ್ಟದ್ದಲ್ಲ. ಅಷ್ಟೆಲ್ಲ ಆದ ಮೇಲೆ ಈಗ ಉಪ್ಪು ಒಂದೇ ಒಂದು ಚೂರು ಕಮ್ಮಿ ಅನ್ನಿಸಿತು. ಉಪ್ಪಿನ ಬಟ್ಟಲು ಮೊಣಕೈ ಪಕ್ಕದಲ್ಲೇ ಇತ್ತು. ಸುಮೇರಾ ನೋಡುತ್ತಿದ್ದಳು.

"ಹೇಗಿದೆ ಅಕ್ಕ?"

"ಊಟ ಮಾಡ್ತಿದೀನಲ್ಲ" ಎಂದು ಸಾವಿತ್ರಮ್ಮ ಇನ್ನೊಂದು ತುತ್ತು ಕಲಸಿದಳು.

ಸೋಮವಾರ ಗೋಪಾಳದ ಅಡುಗೆಮನೆಯಲ್ಲಿ ಅವಳ ಫೋನು ಹೊಡೆದುಕೊಳ್ಳಲಿಲ್ಲ. ಬೇಳೆ ಬೇಯುವ ಹೊತ್ತಿಗೆ ಒಂದು ಸಲ ತೆಗೆದು ನೋಡಿದಳು, ಒಗ್ಗರಣೆಯ ಹೊತ್ತಿಗೆ ಇನ್ನೊಂದು ಸಲ. ಗಂಡನಿಗೆ ಫೋನು ಮಾಡಿ, "ನನ್ನ ಫೋನು ಕೆಟ್ಟಿದೆಯಾ ನೋಡಿ" ಎಂದಳು. "ಕೆಟ್ಟಿದ್ರೆ ನಂಗೆ ಹೇಗೆ ಮಾಡ್ತಿದ್ದೆ ಮಾರಾಯ್ತಿ? ನಾನು ಗದ್ದೇಲಿದೀನಿ, ಇಡು" ಎಂದ ಪುಟ್ಟಯ್ಯ.

ಮಧ್ಯಾಹ್ನದ ಊಟ ಹೋದ ಮೇಲೆ ಸುಮೇರಾ ಮಾಡಿದಳು. ಹಿಂದೆ ಪಾತ್ರೆಗಳ ಸದ್ದು, ಯಾರದೋ ನಗು.

"ಏನೇ, ಏನು ಬೇಕು?" ಎಂದಳು ಸಾವಿತ್ರಮ್ಮ ಅವಸರದಿಂದ.

"ಏನೂ ಬೇಡ ಅಕ್ಕ. ಕೇಳೋಕೆ ಮಾಡಿದ್ದಲ್ಲ, ಹೇಳೋಕೆ ಮಾಡ್ದೆ. ಊಟ ಟೈಮಿಗೆ ಸರಿಯಾಗಿ ಆಯ್ತು."

ಸಾವಿತ್ರಮ್ಮನ ನಾಲಿಗೆಯ ತುದಿಗೆ ಒಂದು ಪ್ರಶ್ನೆ ಬಂದು ನಿಂತಿತು. ಅದನ್ನು ಹಾಗೇ ನುಂಗಿ, "ಆಯ್ತು, ಇಡು, ಕೆಲಸ ಇದೆ" ಎಂದಳು.

ಮರುದಿನ ಬೆಳಿಗ್ಗೆ ಹುಳಿ ಕುದಿ ಬಂದಾಗ ಅವಳು ಚಿನ್ನಮ್ಮನ ಕೈಗೆ ಉಪ್ಪಿನ ಡಬ್ಬ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, ರಸ್ತೆಗೆ ಹೋಗಿ ನಿಂತಳು.

"ಅಕ್ಕಾ!" ಒಳಗಿನಿಂದ ಕೂಗು ಬಂತು. "ಎಷ್ಟು ಹಾಕ್ಲಿ?"

ಸಾವಿತ್ರಮ್ಮ ಹೋಗಿ ಬರುವ ಬಸ್ಸುಗಳನ್ನು ನೋಡುತ್ತ ನಿಂತಳು. ಮಂಡಿ ನೋಯುತ್ತಿತ್ತು, ಹುಳಿಯ ವಾಸನೆ ಅಲ್ಲಿಯ ತನಕ ಬರುತ್ತಿತ್ತು.

"ಅಕ್ಕಾ! ಕೇಳಿಸ್ತಾ ಇದೆಯಾ?"

"ಇಲ್ಲ!" ಎಂದು ಅವಳು ತಿರುಗದೇ ಕೂಗಿದಳು.